ದಾರ ಕಟ್ಟಿದ ಬಿಳಿ ಕೊಗ್ಗಿ

ಕೊಗ್ಗಿ ಗಿಡವನ್ನು ಯಾರೂ ನಿಂತು ನೋಡುವುದಿಲ್ಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಎರಡೂ ಬದಿ, ಹಂಪಿಯ ಬಂಡೆಗಳ ಸಂದಿ, ಕಂಪ್ಲಿ ಕಾಲುವೆಯ ಏರಿ, ಎಲ್ಲಿ ನೋಡಿದರೂ ಅದೇ. ಮೊಣಕಾಲೆತ್ತರದ ಗಿಡ, ಸಣ್ಣ ಸಣ್ಣ ಎಲೆ, ಬಟಾಣಿ ಹೂವಿನಂಥ ಪುಟ್ಟ ನೇರಳೆ ಹೂವು. ತೆಲುಗು ಮಾತಾಡುವವರು ವೆಂಪಲಿ ಅನ್ನುತ್ತಾರೆ. ಇಂಥ ಗಿಡ ನನ್ನ ಬಾಯಲ್ಲಿ ಒಂದು ಸುಳ್ಳು ಹೇಳಿಸಿತು. ಅಲ್ಲ, ಗಿಡದ ಮೇಲೇಕೆ ಹೊರಿಸಲಿ, ಹೇಳಿದವಳು ನಾನೇ.

ಆ ವರ್ಷ ನನಗೆ ಸಿಕ್ಕಿದ್ದು ಗುಡ್ಡದ ಗಿಡ ಎಣಿಸುವ ಕೆಲಸ. ಸಂಡೂರು ಸಾಲಿನ ಒಂದು ಇಳಿಜಾರಿನ ಮೇಲೆ ಮುಂದಿನ ಬೇಸಿಗೆಯ ಹೊತ್ತಿಗೆ ಗಣಿಯ ತ್ಯಾಜ್ಯ ಮಣ್ಣು ಬೀಳುವುದಿತ್ತು. ಅದಕ್ಕೂ ಮುಂಚೆ ಅಲ್ಲಿ ಏನೇನು ಬೆಳೆದಿದೆ ಎಂದು ಪಟ್ಟಿ ಮಾಡಬೇಕು, ಬೀಜ ಕೂಡಿಸಬೇಕು, ನರ್ಸರಿಯಲ್ಲಿ ಸಸಿ ಎಬ್ಬಿಸಿ ಹಳೆಯ ಮಣ್ಣಿನ ದಿಬ್ಬಗಳ ಮೇಲೆ ನೆಡಬೇಕು. ಹೊಸಪೇಟೆಯಲ್ಲಿ ಬೆಳಿಗ್ಗೆ ದೋಣಿಮಲೈ ಬಸ್ಸು ಹತ್ತಿ ನಡುವೆ ಇಳಿದು, ಮುಕ್ಕಾಲು ಗಂಟೆ ನಡೆದರೆ ನನ್ನ ಇಳಿಜಾರು. ಗುಡ್ಡದ ಉದ್ದಕ್ಕೂ ಹಗ್ಗ ಎಳೆದು, ಹತ್ತು ಹೆಜ್ಜೆಗೊಮ್ಮೆ ಪೈಪಿನ ಚೌಕಟ್ಟು ನೆಲಕ್ಕಿಟ್ಟು, ಅದರೊಳಗೆ ಬಿದ್ದದ್ದನ್ನೆಲ್ಲ ಎಣಿಸಿ ಬರೆಯುವುದು. ಸಂಜೆ ಮನೆಗೆ ಬಂದು ಕಾಲು ತೊಳೆದರೆ ಬಚ್ಚಲಲ್ಲಿ ಕೆಂಪು ನೀರು ಹರಿಯುತ್ತಿತ್ತು.

ನನ್ನ ಜೊತೆ ನರ್ಸರಿಯ ಅಕ್ಕ ಬರುತ್ತಿದ್ದಳು. ಗುಡ್ಡದ ಬುಡದ ಊರಿನವಳು, ನನಗಿಂತ ಹದಿನೈದು ವರ್ಷ ದೊಡ್ಡವಳು, ಮಣ್ಣು ತುಂಬಿದ ಚೀಲಗಳಲ್ಲಿ ಸಸಿ ಎಬ್ಬಿಸುವುದು ಅವಳ ಕೆಲಸ. ಓದಿದವರ ಮೇಲೆ ಅವಳಿಗೆ ಒಂಥರಾ ಕನಿಕರ. ‘ಪುಸ್ತಕದಾಗ ನೋಡಿ ಹೇಳ್ರಿ ಮೇಡಂ, ಇದು ಗಿಡ ಹೌದೋ ಅಲ್ಲೋ’ ಎಂದು ನನ್ನನ್ನು ಕಾಡಿಸುತ್ತಿದ್ದಳು. ನನ್ನ ಬಾಯೂ ಸುಮ್ಮನಿರುವುದಲ್ಲ, ಹೀಗಾಗಿ ದಿನ ಹೋಗುತ್ತಿತ್ತು.

ಮಳೆ ಹಿಂದೆ ಸರಿಯುತ್ತಿದ್ದ ಹೊತ್ತಿನಲ್ಲಿ, ಒಂದು ದಿನ ಅಕ್ಕ ಬಂದಿರಲಿಲ್ಲ. ತಮ್ಮನ ಮನೆಯ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದಳು. ಆವತ್ತೇ ಕಣ್ಣಿಗೆ ಬಿತ್ತು. ಕಾರೆಮುಳ್ಳಿನ ಪೊದೆಯ ಪಕ್ಕ ಏನೋ ಬಿಳಿ ಬಿಳಿ. ಯಾರೋ ಹಾಲಿನ ಪಾಕೀಟು ಹರಿದು ಎಸೆದಿದ್ದಾರೆ ಎಂದುಕೊಂಡು ಬೈಯುತ್ತಲೇ ಹತ್ತಿರ ಹೋದೆ. ಕೊಗ್ಗಿ. ಹೂವೆಲ್ಲ ಬಿಳಿ. ಸುತ್ತ ಹುಡುಕಿದರೆ ಆ ಒಂದು ಮೂಲೆಯಲ್ಲಿ ಹನ್ನೊಂದು ಗಿಡ, ಉಳಿದ ಗುಡ್ಡವೆಲ್ಲ ನೇರಳೆ.

ಫೋಟೊ ತೆಗೆದು ನಮ್ಮ ಯೋಜನೆಯ ಮುಖ್ಯಸ್ಥರಿಗೆ ಕಳಿಸಿದೆ. ಸರ್ ಧಾರವಾಡದಲ್ಲಿದ್ದರು. ಫೋನಿನಲ್ಲಿ ನಕ್ಕರು. ‘ಅದು ಕೊಗ್ಗಿಯ ತಂಗಿ ಇರಬೇಕಮ್ಮ. ಅದರ ಹೂವು ಬಿಳಚಿಕೊಂಡೇ ಇರುತ್ತೆ. ಕಾಯಿ ನೋಡು, ಕಾಯಿ’ ಅಂದರು. ನನಗೆ ಸಿಟ್ಟು ಬಂತು. ಅವರು ಹೇಳುವ ಆ ತಂಗಿ ಗಿಡದ ಕಾಯಿಯ ಮೇಲೆ ದಟ್ಟ ತುಪ್ಪಳ ಇರುತ್ತದೆ, ಅಷ್ಟು ನನಗೂ ಗೊತ್ತು. ಇದರ ಕಾಯಿ ಬೋಳು, ಚಪ್ಪಟೆ, ತುದಿಯಲ್ಲಿ ತುಸು ಬಾಗು. ಎಲೆಯನ್ನು ಎರಡೂ ಕಡೆ ಹಿಡಿದು ಎಳೆದೆ, ಬಾಣದ ಮೊನೆಯಂತೆ ಮೂಲೆಯಾಗಿ ಹರಿಯಿತು. ಅದು ಕೊಗ್ಗಿಯ ಗುರುತು, ಅದಕ್ಕೇ ಹಳೆಯ ವೈದ್ಯರು ಶರಪುಂಖ ಅನ್ನುತ್ತಿದ್ದರು. ಇನ್ನೊಂದು ವ್ಯತ್ಯಾಸವೂ ಕಂಡಿತು. ನೇರಳೆ ಗಿಡದ ಕಾಂಡದಲ್ಲಿ ಕೆಂಪು ಛಾಯೆ ಇರುತ್ತದೆ, ಇವುಗಳ ಕಾಂಡ ಬುಡದಿಂದ ತುದಿಯವರೆಗೂ ಹಸಿರು. ಬಣ್ಣ ಮಾಡುವ ಶಕ್ತಿಯೇ ಇಡೀ ಗಿಡದಲ್ಲಿ ಎಲ್ಲೋ ಮುರಿದಿತ್ತು.

ಮೂರನೆಯ ದಿನ ಸರ್ ತಾವೇ ಬಂದರು. ಭೂತಗನ್ನಡಿ ಹಿಡಿದು ಮಂಡಿಯೂರಿ ಕೂತು, ಎದ್ದು, ‘ತಪ್ಪಾಯ್ತಮ್ಮ’ ಅಂದರು. ಅವರ ಬಾಯಿಂದ ಆ ಮಾತು ಕೇಳಿ ನನಗೆ ಹಬ್ಬವಾಯಿತು. ಹೊರಡುವಾಗ ಎರಡು ಕೆಲಸ ಹೇಳಿದರು. ಹನ್ನೊಂದಕ್ಕೂ ಗುರುತು ಕಟ್ಟುವುದು ಒಂದು. ಇನ್ನೊಂದು, ತೆಳು ಬಟ್ಟೆಯ ಚೀಲ ಕಳಿಸುತ್ತೇನೆ, ಬಂದ ಕೂಡಲೇ ಮೊಗ್ಗಿನ ಗೊಂಚಲುಗಳಿಗೆ ತೊಡಿಸುವುದು. ಜೇನು ಪಕ್ಕದ ನೇರಳೆ ಹೂವಿನ ಪರಾಗ ತಂದು ಹಾಕಿದರೆ ಬೀಜ ಬೆರಕೆಯಾಗುತ್ತದೆ, ಬೆರಕೆ ಬೀಜದಿಂದ ಹುಟ್ಟುವ ಗಿಡ ನೇರಳೆಯೇ. ಚೀಲದೊಳಗೆ ತನಗೆ ತಾನೇ ಕಟ್ಟಿದ ಕಾಯಿ ಮಾತ್ರ ನಂಬಬಹುದು. ಬೇಸಿಗೆಗೆ ಗುಡ್ಡದ ಮೇಲೆ ಮಣ್ಣು ಬೀಳುವುದಂತೂ ಖಚಿತ, ಕೊಗ್ಗಿಯ ತಾಯಿಬೇರು ಆಳ, ಕಿತ್ತು ನೆಟ್ಟರೆ ಬದುಕುವುದಿಲ್ಲ. ಬೀಜ ಸಿಕ್ಕರೆ ಬಿಳಿ ಕೊಗ್ಗಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಬೇರೆಲ್ಲಾದರೂ ಇರಬಹುದು ಎಂದು ಎರಡು ಭಾನುವಾರ ಸ್ಕೂಟಿ ತೆಗೆದುಕೊಂಡು ಸುತ್ತಿದೆ. ಕಡ್ಡಿರಾಂಪುರದ ಬಾಳೆತೋಟದ ಬದು, ಹಂಪಿಯಲ್ಲಿ ಪ್ರವಾಸಿಗರು ಹೋಗದ ಬಂಡೆಗಳ ಹಿಂಭಾಗ, ಕಂಪ್ಲಿ ಕಡೆ ಗದ್ದೆಯ ಏರಿ. ಸಾವಿರಗಟ್ಟಲೆ ಕೊಗ್ಗಿ ನೋಡಿದೆ. ಬಿಳಿ ಒಂದೂ ಇಲ್ಲ. ಕಂಪ್ಲಿಯ ರೈತರೊಬ್ಬರು, ‘ಅದನ್ಯಾಕ ಹುಡುಕ್ತೀರಿ, ಗೊಬ್ಬರಕ್ಕೆ ತುಳ್ಯೋ ಗಿಡ’ ಎಂದು ಕುಡಿಯಲು ನೀರು ಕೊಟ್ಟರು.

ತಪ್ಪು ಮಾಡಿದ್ದು ಗುರುತು ಕಟ್ಟುವುದರಲ್ಲಿ, ಅದೂ ಸರ್ ಹೋದ ಮರುದಿನವೇ. ಅಲ್ಯುಮಿನಿಯಂ ಬಿಲ್ಲೆ ಮುಗಿದಿದ್ದವು. ಪ್ಲಾಸ್ಟಿಕ್ ಪಟ್ಟಿಯನ್ನು ಆಡುಗಳು ತಿನ್ನುತ್ತವೆ. ಹೊಸಪೇಟೆಯ ಪೂಜೆ ಸಾಮಾನಿನ ಅಂಗಡಿಯಲ್ಲಿ ಗಟ್ಟಿ ನೂಲಿನ ಉಂಡೆ ಸಿಕ್ಕಿತು. ಅರಿಸಿನ ಬಣ್ಣದ್ದು, ಕೆಂಪು ಮಣ್ಣಿನಲ್ಲಿ ದೂರದಿಂದಲೂ ಕಾಣುತ್ತದೆ. ಹನ್ನೊಂದು ಗಿಡದ ಬುಡಕ್ಕೂ ಮೂರು ಸುತ್ತು ಸುತ್ತಿ ಗಂಟು ಹಾಕಿದೆ, ಭಾಳ ಜಾಣೆ.

ತೊಟ್ಟಿಲು ಕಾರ್ಯ ಮುಗಿಸಿ ಬಂದ ಅಕ್ಕ ಅದನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

‘ಅಯ್ಯೋ ಶಿವನೇ! ಕಂಕಣ ಕಟ್ಟಿಬಿಟ್ರಲ್ರಿ ಮೇಡಂ!’

‘ಏನು ಕಂಕಣ? ಗುರುತಿಗೆ ಕಟ್ಟೀನಿ.’

‘ನಿಮ್ಮ ಗುರುತು ನಿಮಗೆ ಗೊತ್ತು. ನೋಡಿದವರಿಗೆ ಗೊತ್ತೈತೇನು?’ ಎಂದು ಕೂತು ಬಿಡಿಸಿ ಹೇಳಿದಳು. ಔಷಧಿಗೆ ಬೇರು ಕೀಳುವವರು ಹಿಂದಿನ ದಿನ ಬಂದು ಗಿಡಕ್ಕೆ ಅರಿಸಿನದ ದಾರ ಕಟ್ಟುತ್ತಾರೆ. ವೀಳ್ಯದೆಲೆ ಇಟ್ಟು, ‘ನಾಳೆ ಬರ್ತೀನಿ ತಾಯಿ, ನನ್ನ ಜೊತಿ ಬಾ’ ಎಂದು ಕರೆಯುತ್ತಾರೆ. ಮರುದಿನ ಸೂರ್ಯ ಹುಟ್ಟುವ ಮುಂಚೆ ಬಂದು, ಮಾತಾಡದೆ, ದೀಪ ಹಿಡಿಯದೆ, ದಾರ ತಡವಿಕೊಂಡು ಅಗೆಯುತ್ತಾರೆ. ‘ಅದರಾಗ ಇದು ಬಿಳೇದು. ಬಿಳಿ ಎಕ್ಕದ ಗತಿ ನೋಡಿಲ್ಲೇನ್ರಿ? ಗಣಪ್ಪನ್ನ ಮಾಡಾಕ ಬೇರು ಕಿತ್ತು ಕಿತ್ತು ನಮ್ಮೂರ ಸುತ್ತ ಒಂದೂ ಉಳಿದಿಲ್ಲ. ಆಡು ಕಾಯೋರು ಇಷ್ಟೊತ್ತಿಗೆ ಊರೆಲ್ಲಾ ಹೇಳಿರ್ತಾರ.’

ನಾನು ನಕ್ಕುಬಿಟ್ಟೆ. ಓದಿದವಳ ನಗೆ. ಮೂರನೆಯ ಬೆಳಿಗ್ಗೆ ಹೋದಾಗ ನಾಲ್ಕು ಗಿಡ ಇರಲಿಲ್ಲ. ಮೊಣಕೈ ಆಳದ ನಾಲ್ಕು ಗುಂಡಿ, ಪಕ್ಕದಲ್ಲಿ ಕುಂಕುಮ, ಒಣಗಿದ ಎಲೆಯಡಿಕೆ. ನೆಲದ ಮೇಲೆ ಕುಕ್ಕರಿಸಿದೆ. ಊರಿಗೆಲ್ಲ ಡಂಗುರ ಹೊಡೆದು ನಾನೇ ಕರೆದಂತಾಗಿತ್ತು. ಅಕ್ಕ ‘ನಾ ಹೇಳಿದ್ನಿ’ ಎಂದು ಅನ್ನಲಿಲ್ಲ, ಅದಕ್ಕೆ ಇನ್ನೂ ಸಂಕಟವಾಯಿತು. ಬರುವ ಭಾನುವಾರ ಅಮಾವಾಸ್ಯೆ, ಬೇರಿಗೆ ಅದೇ ಒಳ್ಳೆಯ ದಿನ, ಉಳಿದ ಏಳೂ ಅವತ್ತು ಹೋಗುತ್ತವೆ ಎಂದಳು. ಚೀಲದ ಪಾರ್ಸೆಲ್ ಇನ್ನೂ ಬಂದಿರಲಿಲ್ಲ. ಗಿಡದ ಮೇಲಿದ್ದ ಕಾಯಿ ಎಳೆಯವು, ಕೀಳುವ ಹಾಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಒಬ್ಬ ಮನುಷ್ಯ ಗುಡ್ಡ ಹತ್ತಿ ಬಂದ. ನಲವತ್ತೈದರ ಆಸುಪಾಸು, ಹೆಗಲ ಮೇಲೆ ಟವೆಲ್ಲು, ಬೆನ್ನು ತುಸು ಬಾಗಿತ್ತು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿ. ಹೆಂಡತಿಯ ತವರು ಈ ಗುಡ್ಡದ ಬುಡದ ಊರು, ಅಲ್ಲಿಂದ ಸುದ್ದಿ ಮುಟ್ಟಿತ್ತು.

‘ನಮಸ್ಕಾರ್ರಿ ಮೇಡಂ. ಈ ದಾರ ಕಟ್ಟಿದವರು ನೀವಂತಲ್ರಿ. ಕಟ್ಟಿದವರನ್ನ ಕೇಳದಂಗ ಕಿತ್ರ ಬೇರು ಕೆಲಸ ಮಾಡಂಗಿಲ್ಲ ಅಂತಾರ. ಅದಕ್ಕ ಕೇಳಾಕ ಬಂದೀನ್ರಿ. ಒಂದು ಕೊಡ್ರಿ.’

ಹೆಂಡತಿಗೆ ಹೊಟ್ಟೆ ಬಾತು, ಕಣ್ಣು ಹಳದಿ. ಲಿವರ್ ಹೋಗಿದೆ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿ ಹತ್ತು ದಿನವಾಗಿತ್ತು. ನಾಟಿ ಔಷಧಿ ಕೊಡುವವರು ಮಾಮೂಲಿ ಕೊಗ್ಗಿ ಬೇರು ಕೊಟ್ಟು ನೋಡಿ, ಇನ್ನು ಬಿಳಿಯದಾದರೆ ಮಾತ್ರ ಅಂದಿದ್ದರು.

ಅವನಿಗೆ ನಾನು ಪಾಠ ಮಾಡಿದೆ. ಈಗ ನೆನೆಸಿಕೊಂಡರೆ ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸುತ್ತದೆ. ಬಿಳಿಯದರಲ್ಲಿ ವಿಶೇಷ ಔಷಧಿ ಏನೂ ಇಲ್ಲ ಅಣ್ಣಾ, ಹೂವಿಗೆ ಬಣ್ಣ ಬಂದಿಲ್ಲ ಅಷ್ಟೇ, ಬೇರು ಎರಡರದ್ದೂ ಒಂದೇ, ಎಂದೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

‘ಎರಡೂ ಒಂದೇ ಅಂದ್ರ, ಬಿಳೇದು ಕೊಡಾಕ ನಿಮಗೇನು ತ್ರಾಸು ಮೇಡಂ?’

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಏಳರಲ್ಲಿ ಒಂದು ಕೊಟ್ಟರೆ ಆರು. ಒಬ್ಬನಿಗೆ ಕೊಟ್ಟೆ ಎಂದು ಗೊತ್ತಾದರೆ ಇನ್ನೊಬ್ಬ ಬರುತ್ತಾನೆ, ಅವನ ಮನೆಯಲ್ಲೂ ಯಾರೋ ಮಲಗಿರುತ್ತಾರೆ. ‘ನಾಳೆ ಫೋನ್ ಮಾಡ್ತೀನಣ್ಣಾ’ ಎಂದು ಅವನ ನಂಬರು ಬರೆದುಕೊಂಡು ಕಳಿಸಿದೆ. ಇಳಿಯುವಾಗ ಅವನು ಬಿಳಿ ಗಿಡಗಳನ್ನು ಬಳಸಿಕೊಂಡು ಜಾಗ್ರತೆಯಿಂದ ಹೋದ.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗ ಉಪಾಯ ಹೊಳೆಯಿತು. ಅವರು ಅಗೆಯುವುದು ಕತ್ತಲಲ್ಲಿ, ದಾರ ತಡವಿ. ದಾರ ಎಲ್ಲಿದೆಯೋ ಅದೇ ಬಿಳಿ ಗಿಡ. ಹಾಗಾದರೆ ದಾರವನ್ನೇ ಬೇರೆ ಕಡೆ ಕಟ್ಟಿದರೆ?

ಅಕ್ಕನಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ‘ಕದ್ದು ಕೀಳೋರಿಗೆ ಏನರ ಮಾಡ್ರಿ. ಕೇಳಿ ಬಂದವಂಗ ಹಂಗ ಮಾಡಬ್ಯಾಡ್ರಿ. ಕೊಡೋದಿದ್ರ ಒಂದು ಕೊಡ್ರಿ, ಇಲ್ಲಾಂದ್ರ ಕೊಡಂಗಿಲ್ಲ ಅನ್ರಿ. ಎರಡೂ ಬಿಟ್ಟು ಸುಳ್ಳು ಕೊಡಬ್ಯಾಡ್ರಿ.’

‘ಅಕ್ಕಾ, ಬೇರು ಒಂದೇ. ಅವನಿಗೇನು ನಷ್ಟ?’

‘ಅವಂಗಲ್ಲ ನಾ ಹೇಳಾಕತ್ತಿದ್ದು’ ಅಂದು ಅವಳು ಬುಟ್ಟಿ ಎತ್ತಿಕೊಂಡು ನರ್ಸರಿಗೆ ಹೋದಳು. ಅವತ್ತಿನ ಕೆಲಸವೆಲ್ಲ ನಾನೊಬ್ಬಳೇ ಮಾಡಿದೆ.

ಏಳು ಬಿಳಿ ಗಿಡಗಳ ದಾರ ಬಿಚ್ಚಿದೆ. ಅದೇ ಮೂಲೆಯಲ್ಲಿ ಇಪ್ಪತ್ತು ಹೆಜ್ಜೆ ಆಚೆ, ಅದೇ ಎತ್ತರದ ಏಳು ನೇರಳೆ ಗಿಡ ಆರಿಸಿ ಅವಕ್ಕೆ ಕಟ್ಟಿದೆ. ಯಾರಾದರೂ ಬೆಳಕಿರುವಾಗಲೇ ಬಂದು ನೋಡಿದರೆ? ಆ ಏಳರ ಹೂವು, ಮೊಗ್ಗು ಎಲ್ಲ ಚಿವುಟಿ ಹಾಕಿದೆ. ಆಮೇಲೆ ಬಿಳಿ ಗಿಡಗಳ ಹೂವೂ ಕಾಣಬಾರದಲ್ಲ, ಅವನ್ನೂ ಚಿವುಟಿದೆ. ಹೆದರಿಕೆಯಲ್ಲಿ ಕೈ ನಿಲ್ಲಲಿಲ್ಲ, ನಾಳೆ ಅರಳುವ ಮೊಗ್ಗನ್ನೂ ಬಿಡಲಿಲ್ಲ. ಎಳೆ ಕಾಯಿ ಮಾತ್ರ ಉಳಿಸಿದೆ. ಉಗುರಿನ ತುಂಬ ಹಸಿರು ರಸ. ಗುಡ್ಡದ ಮೇಲೆ ನಿಂತು ಕಂಪ್ಲಿಗೆ ಫೋನ್ ಮಾಡಿದೆ.

‘ದಾರ ಕಟ್ಟಿದ್ದರಾಗ ಒಂದು ತಗೊಳ್ರಿ ಅಣ್ಣಾ.’

ಆ ಕಡೆ ಗಿರಣಿಯ ಸದ್ದು. ‘ನಿಮ್ಮ ಹೊಟ್ಟಿ ತಣ್ಣಗಿರಲಿ ತಾಯಿ’ ಅಂದ.

ಸೋಮವಾರ ಹೋಗಿ ನೋಡಿದೆ. ದಾರದ ಏಳೂ ಗಿಡ ಹೋಗಿದ್ದವು. ಆರು ಗುಂಡಿಗಳು ನಾಯಿ ಕೆದರಿದಂತಿದ್ದವು. ಏಳನೆಯದನ್ನು ಮಾತ್ರ ಯಾರೋ ಮತ್ತೆ ಮಣ್ಣು ತುಂಬಿ ಅಂಗೈಯಿಂದ ತಟ್ಟಿ ಸಮ ಮಾಡಿ, ಮೇಲೆ ಒಂದು ಹೋಳು ಕೊಬ್ಬರಿ ಇಟ್ಟಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ. ನನ್ನ ಬಿಳಿ ಗಿಡ ಏಳೂ ಇದ್ದವು. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಎಂದು ಬರೆಯಬೇಕು, ಆಗಿದ್ದೂ ನಿಜ. ಸರ್‌ಗೆ ಫೋನ್ ಮಾಡಿ ಹೇಳಿಕೊಂಡು ನಕ್ಕೆ. ಕೊಬ್ಬರಿಯ ವಿಷಯ ಹೇಳಲಿಲ್ಲ.

ಚೀಲಗಳು ಬುಧವಾರ ಬಂದವು. ತೊಡಿಸಲು ಮೊಗ್ಗೇ ಇರಲಿಲ್ಲ. ಎಲ್ಲ ನಾನೇ ಚಿವುಟಿದ್ದೆ. ಮಳೆ ನಿಂತಿತ್ತು, ನೆಲ ಬಿರಿಯತೊಡಗಿತ್ತು. ಏಳು ಗಿಡವೂ ಸೇರಿ ಆಮೇಲೆ ಮೂರು ಗೊಂಚಲು ಮೊಗ್ಗು ಕೊಟ್ಟವು. ಅವಕ್ಕೆ ಚೀಲ ತೊಡಿಸಿ ದಿನವೂ ಹೋಗಿ ನೋಡಿದೆ. ಹೂವು ಚೀಲದೊಳಗೇ ಒಣಗಿ ಉದುರಿದವು, ಕಾಯಿ ಕಟ್ಟಲಿಲ್ಲ. ಉಳಿದದ್ದು ಚೀಲಕ್ಕಿಂತ ಮೊದಲೇ ಕಟ್ಟಿದ್ದ ಆ ಎಳೆ ಕಾಯಿಗಳು. ಅವುಗಳಿಗೆ ಯಾವ ಹೂವಿನ ಪರಾಗ ಬಿದ್ದಿತ್ತೋ ಜೇನಿಗೆ ಮಾತ್ರ ಗೊತ್ತು. ಕಾಯಿ ಒಣಗಿ ತಿರುಚಿಕೊಂಡು ಸಿಡಿಯುವ ಮುಂಚೆ ಕಿತ್ತು, ಗಿಡಕ್ಕೊಂದರಂತೆ ಏಳು ಕಾಗದದ ಕವರಿನಲ್ಲಿ ತುಂಬಿದೆ.

ಬೇಸಿಗೆಯಲ್ಲಿ ಟಿಪ್ಪರುಗಳು ಬಂದವು. ನಾನು ನೋಡಲು ಹೋಗಲಿಲ್ಲ. ಅಕ್ಕ ಹೋಗಿ ಬಂದು, ‘ಕಾರೆಮುಳ್ಳು ಸುದ್ದಾ ಕಾಣಂಗಿಲ್ರಿ’ ಅಂದಳು.

ಮೊದಲ ಮಳೆಗೆ ಬೀಜ ಹಾಕಿದೆವು. ಕೊಗ್ಗಿ ಬೀಜದ ಸಿಪ್ಪೆ ಗಟ್ಟಿ, ಹಾಗೇ ಹಾಕಿದರೆ ಮಲಗಿಬಿಡುತ್ತದೆ. ಒಂದೊಂದನ್ನೂ ಉಪ್ಪುಕಾಗದದ ಮೇಲೆ ಉಜ್ಜಿ, ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮಣ್ಣಿನ ಚೀಲಕ್ಕೊಂದರಂತೆ ಊರಿದೆವು. ಚೆನ್ನಾಗಿ ಹುಟ್ಟಿದವು. ನಾಲ್ಕೆಲೆ ಬರುವ ಹೊತ್ತಿಗೆ ಅಕ್ಕ ಒಂದು ಸಸಿ ತಂದು ನನ್ನ ಮುಂದಿಟ್ಟಳು. ಕಾಂಡ ಕೆಂಪಗಿತ್ತು. ಸಾಲಾಗಿ ಬಗ್ಗಿ ನೋಡುತ್ತ ಹೋದೆ, ಕೆಂಪು, ಕೆಂಪು, ಕೆಂಪು. ನಾಲ್ಕೈದು ಹಸಿರು ಕಾಂಡದವು ಸಿಕ್ಕವು, ಆದರೆ ಆ ವಾರದ ಜೋರು ಮಳೆಗೆ ಅವೇ ಬುಡ ಕೊಳೆತು ಸತ್ತವು. ಸರ್ ಸಮಾಧಾನ ಹೇಳಿದರು. ನೇರಳೆಯ ಒಳಗೆ ಬಿಳಿ ಅಡಗಿರುತ್ತದೆ, ಇವುಗಳ ಬೀಜ ಮತ್ತೆ ಹಾಕಿದರೆ ಒಂದೆರಡು ಬಂದಾವು ಅಂದರು. ಆಗಲಿ ಸರ್ ಅಂದೆ.

ಆ ಸಸಿಗಳು ಹೂವಿಗೆ ಬಂದು, ಮಡಿಯೆಲ್ಲ ನೇರಳೆಯಾಗಿದ್ದಾಗ ಹಮಾಲಿ ನರ್ಸರಿಗೆ ಬಂದ. ಮೈ ಇಳಿದಿತ್ತು. ಅಕ್ಕ ಕುಂದ್ರಿ ಎಂದು ಕಟ್ಟೆ ತೋರಿಸಿದಳು. ಅವನು ಕೂರಲಿಲ್ಲ.

‘ಅಕಿ ಉಳೀಲಿಲ್ರಿ ಮೇಡಂ. ದೀವಳಿಗಿ ಮುಗಿದು ನಾಕು ದಿನಕ್ಕ ಹೋದ್ಲು. ಕೊನಿಗೆ ನೀರೂ ಇಳೀಲಿಲ್ಲ.’

ನಾನು ಕೈಯಲ್ಲಿದ್ದ ಸಸಿಯ ಚೀಲ ಕೆಳಗಿಟ್ಟೆ.

‘ವರ್ಷದ ಎಡಿ ಇಡೋ ಮುಂಚೆ ಒಮ್ಮೆ ಬರಬೇಕು ಅಂತ ಇತ್ರಿ. ಅಕಿ ಅಣ್ಣ ತಮ್ಮಂದಿರು ಭಾಳ ಅಂದ್ರು ನನಗ. ಏನೂ ಮಾಡಲಿಲ್ಲ, ಹಂಗ ಬಿಟ್ಟಿ ಅಂತ. ನಾ ಅವರಿಗೆ ಹೇಳಿದ್ನಿ, ಡಾಕ್ಟರ್ ಕೈ ಬಿಟ್ರೂ ನಾ ಬಿಡಲಿಲ್ಲ, ಬಿಳೇದನ್ನ ತಂದು ಕೊಟ್ಟೀನಿ, ಇನ್ನೇನು ಮಾಡ್ಲಿ ಅಂತ. ಆಮ್ಯಾಲೆ ಸುಮ್ನಾದ್ರು. ನಿಮ್ಮಿಂದ ಆತ್ರಿ ಅದು.’

ಟವೆಲ್ಲಿನ ಗಂಟು ಬಿಚ್ಚಿದ. ಒಳಗೆ ಗೇಣುದ್ದದ ಒಣ ಬೇರು, ಬುಡಕ್ಕೆ ಅರಿಸಿನದ ದಾರ ಹಾಗೇ ಇತ್ತು.

‘ಅರ್ಧ ಉಳೀತ್ರಿ. ಗುಡ್ಡ ಮುಚ್ಚಿದ್ರಂತ. ನಿಮ್ಮವೂ ಎಲ್ಲಾ ಹೋದುವಂತ, ಈ ಅಕ್ಕಾರು ನಮ್ಮ ಬೀಗರ ಮನ್ಯಾಗ ಹೇಳ್ಯಾರ. ಇದೊಂದರ ಇರಲಿ ನಿಮ್ಮ ಹತ್ರ.’

ಬಾಯಿ ತೆರೆದೆ. ಎಲ್ಲ ಹೇಳಿಬಿಡಬೇಕು ಅನ್ನಿಸಿತ್ತು. ಹೇಳಿದರೆ ನನ್ನ ಎದೆ ಹಗುರಾಗುತ್ತಿತ್ತು. ಅವನ ಬಳಿ ಇದ್ದದ್ದು ಒಂದೇ ಸಮಾಧಾನ, ಅದು ಹೋಗುತ್ತಿತ್ತು. ಅಕ್ಕನ ಕಡೆ ನೋಡಿದೆ. ಅವಳು ನೀರಿನ ಝಾರಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಎರಡೂ ಕೈ ಒಡ್ಡಿ ಬೇರು ತೆಗೆದುಕೊಂಡೆ.

‘ಚೀಟಿ ಹಚ್ಚಿ ಇಡ್ತೀರಂತಲ್ರಿ ನೀವು. ನನ್ನ ಮುಂದ ಹಚ್ರಿ, ನೋಡಿ ಹೋಗ್ತೀನಿ’ ಅಂದ.

ನಮ್ಮಲ್ಲಿ ಮಾದರಿಗೆ ಅಂಟಿಸುವ ಚೀಟಿಯಲ್ಲಿ ಸಾಲುಗಳಿವೆ. ಗಿಡದ ಹೆಸರು, ಸಿಕ್ಕ ಜಾಗ, ತಂದವರು, ಹೂವಿನ ಬಣ್ಣ. ಇಪ್ಪತ್ತು ವರ್ಷದಿಂದ ಇಂಥ ಚೀಟಿ ಬರೆಯುತ್ತಿದ್ದೇನೆ. ಕಣ್ಣಾರೆ ಕಾಣದ್ದನ್ನು ಒಂದು ಸಲವೂ ಬರೆದವಳಲ್ಲ, ಬರೆದ ಕಿರಿಯರನ್ನು ಅಳುವವರೆಗೂ ಬೈದಿದ್ದೇನೆ. ಕೊಗ್ಗಿ ಎಂದು ಬರೆದೆ. ಸಂಡೂರು ಗುಡ್ಡ ಎಂದು ಬರೆದೆ. ತಂದವರ ಹೆಸರು ಕೇಳಿದೆ. ತನ್ನದು ಬೇಡ, ಅವಳದು ಬರೆಯಿರಿ ಅಂದ, ಬರೆದೆ. ಕೊನೆಯ ಸಾಲಿಗೆ ಬಂದಾಗ ಅವನು ಮೇಜಿನ ಮೇಲೆ ಬಗ್ಗಿ ನನ್ನ ಪೆನ್ನನ್ನೇ ನೋಡುತ್ತಿದ್ದ.

‘ಬಿಳಿ’ ಎಂದು ಬರೆದೆ.

ಅವನು ಅಕ್ಷರ ಕೂಡಿಸಿಕೊಂಡು ಓದಿದ. ಹೆಂಡತಿಯ ಹೆಸರು ಒಂದು ಸಲ, ಬಿಳಿ ಅನ್ನುವುದನ್ನು ಎರಡು ಸಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ನೇರಳೆ ಹೂವಿನ ಮಡಿಗಳ ನಡುವೆ ಹಾದು, ಕಂಪ್ಲಿಯ ಬಸ್ಸಿಗೆ ಹೊರಟುಹೋದ.

‘ಈಗರ ತಿದ್ದಿಬಿಡ್ರಿ ಮೇಡಂ’ ಅಂದಳು ಅಕ್ಕ.

ಚೀಟಿ ಇನ್ನೂ ಹಾಗೇ ಇದೆ.